ನಾಲಿಗೆ ಬಾಗಿಲಾಚೆ ಬಿಟ್ಟು ಹೋಗಿ

"ನಿಮ್ಮ ಸುತ್ತಿಗೆ ಎಲ್ಲಿ?" ಅಂತ ಕೇಳಿದ್ಲು ಪೆಟ್ರಾ, ಕುರ್ಚಿ ತುದೀಲಿ ಕೂತು ಕಾಲು ಆಡಿಸ್ತಾ.

"ಸುತ್ತಿಗೆ ಸಿನಿಮಾದಲ್ಲಿ ಮಾತ್ರ ಕಣಮ್ಮ. ಇಂಗ್ಲೆಂಡಿನ ಜಡ್ಜ್‌ಗೆ ಯಾರೂ ಕೊಡಲ್ಲ," ಅಂದ್ರು ಹೆಸ್ಟರ್ ಆಲ್ಡರ್ಸನ್.

"ಮತ್ತೆ ಜನ ಗಲಾಟೆ ಮಾಡಿದ್ರೆ?"

"ಹೀಗೆ ನೋಡ್ತೀನಿ." ಕನ್ನಡಕ ಮೂಗಿನ ತುದಿಗೆ ಜಾರಿಸಿ ಗುರಾಯಿಸಿದ್ರು. ಪೆಟ್ರಾ ಕಿಸಕ್ಕಂತ ನಕ್ಕಳು. ಆ ನೋಟಕ್ಕೆ ಲಂಡನ್ನಿನ ಘಟಾನುಘಟಿ ವಕೀಲರೇ ಬೆವರಿದ್ದಾರೆ. ಒಂಬತ್ತು ವರ್ಷದ ಹುಡುಗಿಗೆ ಅದು ಕಾಮಿಡಿ ಸೀನು.

ಹೆಸ್ಟರ್ ವಕೀಲಿಕೆ ಶುರು ಮಾಡಿದಾಗ ಹೆಂಗಸರಿಗೆ ಗೌನ್ ಹಾಕ್ಕೊಳ್ಳೋಕೆ ಇದ್ದದ್ದು ಪೊರಕೆ ಇಡೋ ಕೋಣೆ. ಅಲ್ಲಿಂದ ಹೈಕೋರ್ಟಿನ ಕುಟುಂಬ ವಿಭಾಗದ ಹಿರಿಯ ಜಡ್ಜ್ ಆಗೋವರೆಗೂ ಒಡೆದ ಸಂಸಾರ ಪಾಲು ಮಾಡಿ ಕೊಡೋದೇ ಬದುಕು. ಮಕ್ಕಳು ಯಾರ ಹತ್ರ, ಕ್ರಿಸ್‌ಮಸ್ ಯಾರ ಮನೇಲಿ, ನಾಯಿ ಯಾರಿಗೆ. ಹೊಸ ಜಡ್ಜ್‌ಗಳಿಗೆ ಪಾಠ ಹೇಳೋರೂ ಇವರೇ. ತೀರ್ಪಿಗೆ ಮುಂಚೆ ಮಗು ಜಡ್ಜ್‌ನ ನೋಡ್ಬೇಕು ಅಂದ್ರೆ ನೋಡ್ಬಹುದು, ಆದ್ರೆ ಅದು ಸಾಕ್ಷಿ ಅಲ್ಲ. ಮಗು ಹೇಳಿದ್ದನ್ನ ಕೇಳಿಸ್ಕೋಬೇಕು, ಕೆದಕಬಾರದು. ಕೆದಕಿದ್ರೆ ಜಡ್ಜೇ ಕೇಸೊಳಗೆ ಇಳಿದ ಹಾಗೆ, ಕೇಸನ್ನ ಬೇರೆ ಜಡ್ಜ್‌ಗೆ ಬಿಟ್ಟುಕೊಡಬೇಕು. "ಕಿವಿ ಒಳಗೆ ತಗೊಂಡು ಹೋಗಿ, ನಾಲಿಗೆ ಬಾಗಿಲಾಚೆ ಬಿಟ್ಟು ಹೋಗಿ." ಅವರ ಈ ಡೈಲಾಗು ಕೋರ್ಟಲ್ಲೆಲ್ಲ ಫೇಮಸ್ಸು.

ಪೆಟ್ರಾಳ ಅಮ್ಮ ಅವಳನ್ನ ಕರ್ಕೊಂಡು ನ್ಯೂಜಿಲೆಂಡಿಗೆ ಹೊರಟಿದ್ದಾಳೆ. ಅಪ್ಪ, ನನ್ನ ಮಗಳು ಎಲ್ಲಿಗೂ ಬರಲ್ಲ ಅಂತಾನೆ. ಈಗ ಕೋಣೇಲಿ ಅವರಿಬ್ಬರೂ ಇಲ್ಲ. ಮಗುವಿನ ಪರವಾಗಿ ಕೋರ್ಟ್ ನೇಮಿಸಿದ ಅಧಿಕಾರಿ ಗ್ವೆನಿತ್ ಮಾತ್ರ ಮೂಲೇಲಿ ಕೂತು ಬರ್ಕೊಳ್ತಿದ್ಲು.

"ಯಾರ ಹತ್ರ ಅಂತ ನಾನೇ ಹೇಳ್ಬೇಕಾ?"

"ಬೇಡ ಪುಟ್ಟಿ. ಆ ಭಾರ ನಂದು. ತೀರ್ಮಾನ ಮಾಡೋದು ನಾನು."

"ನೀವೇ ತಾನೆ? ಬೇರೆಯವರಲ್ಲ ಅಲ್ವಾ? ಎಲ್ಲರ ಹತ್ರ ಹೇಳಿ ಹೇಳಿ ನಂಗೆ ಸಾಕಾಗಿದೆ."

"ನಾನೇ. ಮಾತು ಅಂದ್ರೆ ಮಾತು."

ಪೆಟ್ರಾ ತನ್ನ ಶೂ ನೋಡ್ಕೊಂಡು, "ಅಪ್ಪನ ಮನೇಲಿ ನಾನು ಇದನ್ನ ಹಾಕ್ಕೊಂಡೇ ಮಲಗೋದು," ಅಂದ್ಲು. ಹಲ್ಲುಜ್ಜಿದೆ ಅಂದಷ್ಟು ಸಲೀಸಾಗಿ.

"ಯಾಕೆ?"

ಬಾಯಿಂದ ಬಿದ್ದೇ ಹೋಯ್ತು. ಗ್ವೆನಿತ್ ಪೆನ್ನು ನಿಂತಿತು. ಬೇಡ ಅನ್ನೋ ಹಾಗೆ ತಲೆ ಆಡಿಸಿದ್ಲು. ಹೆಸ್ಟರ್‌ಗೆ ಕಾಣ್ತು. ಕಂಡೂ ನಿಲ್ಲಿಸಲಿಲ್ಲ.

"ಬೇಗ ಓಡೋಕೆ."

"ಯಾರಿಂದ? ಅಪ್ಪ ಏನ್ ಮಾಡ್ತಾರೆ? ಅಮ್ಮಂಗೆ ಹೇಳಿದ್ಯಾ?"

ಪೆಟ್ರಾ ಶೂ ಲೇಸನ್ನ ಬೆರಳಿಗೆ ಸುತ್ಕೊಂಡ್ಲು. ಆಮೇಲೆ ಮೆಲ್ಲಗೆ, ಅಪ್ಪನ ಸಿಟ್ಟು ಮೆಟ್ಟಿಲು ಹತ್ತಿ ಬರೋ ಸದ್ದು ಹೇಗಿರುತ್ತೆ ಅಂತ ಹೇಳಿದ್ಲು. ಪೂರ್ತಿ ಹೇಳಿದ್ಲು.

ಹುಡುಗಿ ಹೋದ ಮೇಲೆ ಗುಮಾಸ್ತ ಡಂಕನ್ ಟೀ ತಂದ. "ಏನ್ ಅಮ್ಮಾವ್ರೇ, ಮುಖ ಒಡೆದ ಹಾಲಿನ ಥರ ಇದೆ?"

"ನಾಲಿಗೇನೂ ಒಳಗೆ ತಗೊಂಡು ಹೋಗಿದ್ದೆ ಡಂಕನ್."

ಡಂಕನ್ ನಗು ಅಲ್ಲೇ ಕಟ್ ಆಯ್ತು. "ಯಾರಾಗಿದ್ರೂ ಪ್ರಶ್ನೆ ಕೇಳ್ತಿದ್ರು ಬಿಡಿ. ಕಲ್ಲೂ ಕೇಳ್ತಿತ್ತು."

"ಕಲ್ಲು ಜಡ್ಜ್ ಅಲ್ಲವಲ್ಲ."

ಕೋರ್ಟಲ್ಲಿ ಹೆಸ್ಟರ್ ತಾವೇ ಬಾಯಿಬಿಟ್ಟು ಎಲ್ಲ ಹೇಳಿದ್ರು. ಅಪ್ಪನ ವಕೀಲ ಬೆಣ್ಣೆಯಂಥ ದನೀಲಿ, "ತಾವು ಈ ಕೇಸಿಂದ ಹಿಂದೆ ಸರೀಬೇಕು ಅಂತ ವಿನಯದಿಂದ ಕೋರ್ತೀನಿ," ಅಂದ. ಹೆಸ್ಟರ್ ಕನ್ನಡಕದ ಮೇಲಿಂದ ನೋಡಿದ್ರು. ಅವನು ಬೆವರಲಿಲ್ಲ. ಅವನು ಹೇಳಿದ್ದು ಸರಿಯಾಗೇ ಇತ್ತು, ಉರಿಯೋದೇ ಅದಕ್ಕೆ. ಸದ್ಯಕ್ಕೆ ಅಪ್ಪನ ಮನೇಲಿ ರಾತ್ರಿ ಉಳಿಯೋದು ಬೇಡ ಅಂತ ಎರಡೂ ಕಡೆಯವರು ಒಪ್ಪಿದ್ರು. ಹೆಸ್ಟರ್ ಕೇಸು ಬಿಟ್ಟುಕೊಟ್ರು. ಉಳಿದದ್ದೆಲ್ಲ ಬೇರೆ ಜಡ್ಜ್‌ಗೆ, ಚಳಿಗಾಲಕ್ಕೆ. ಅಷ್ಟರಲ್ಲಿ ಹುಡುಗಿ ಎಲ್ಲಾನೂ ಮತ್ತೆ ಮೊದಲಿಂದ, ಗುರುತಿಲ್ಲದವರ ಮುಂದೆ, ಹೇಳಿಕೆ ರೆಕಾರ್ಡ್ ಮಾಡೋಕೆ ಕ್ಯಾಮೆರಾ ಇಟ್ಟ ಕೋಣೇಲಿ ಹೇಳ್ಬೇಕು.

ಹೊರಗೆ ಬಂದಾಗ ಕಾರಿಡಾರಿನ ಬೆಂಚಿನ ಮೇಲೆ ಪೆಟ್ರಾ ಇದ್ಲು. ಗ್ವೆನಿತ್ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ವಿಷಯ ಹೇಳಿ ಮುಗಿಸಿದ್ಲು. ಹೆಸ್ಟರ್ ಈಗ ಮಾತಾಡೋ ಹಾಗಿಲ್ಲ. ನಿಂತ್ರು. ಕನ್ನಡಕ ಮೂಗಿನ ತುದಿಗೆ ಇಳಿಸಿದ್ರು.

ಪೆಟ್ರಾ ನಗಲಿಲ್ಲ. ಬಗ್ಗಿ ಶೂ ಲೇಸು ಬಿಚ್ಚಿ, ಮತ್ತೆ ಎಳೆದು ಕಟ್ಟಿದ್ಲು. ಒಂದು ಗಂಟು. ಅದರ ಮೇಲೆ ಇನ್ನೊಂದು.