ನಾಲ್ಕನೆಯ ಸಿಲಿಂಡರಿನ ಕುಂಟು

ಎಸ್ಕಿಲ್ಡ್ ಎಂಜಿನ್ನಿನ ಮಾತನ್ನು ಹಲ್ಲಿನಿಂದ ಕೇಳುತ್ತಿದ್ದ. ಮೊಳಕ್ಕಿಂತ ತುಸು ಉದ್ದದ ಬೀಚ್ ಮರದ ಕೋಲೊಂದು ಅವನ ಬಳಿಯಿತ್ತು. ಅದರ ಒಂದು ತುದಿಯನ್ನು ದಡದಡಿಸುವ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಮೇಲೂರಿ, ಇನ್ನೊಂದು ತುದಿಯನ್ನು ಹಲ್ಲುಗಳ ನಡುವೆ ಕಚ್ಚಿ, ಕಣ್ಣು ಮುಚ್ಚಿ, ಧ್ಯಾನಕ್ಕೆ ಕುಳಿತವನ ಹಾಗೆ ನಿಶ್ಚಲನಾಗಿಬಿಡುತ್ತಿದ್ದ. ಟ್ರ್ಯಾಕ್ಟರು, ಮೀನುದೋಣಿಗಳ ಗದ್ದಲದಲ್ಲೇ ಸವೆದ ಅವನ ಕಿವಿಗೆ ಹಕ್ಕಿಗಳ ದನಿ, ಹೆಂಗಸರ ಪಿಸುಮಾತು ಎಂದೋ ನಿಂತುಹೋಗಿದ್ದವು. ಎಂಜಿನ್ನುಗಳ ಮಂದ್ರಸ್ವರ ಮಾತ್ರ ಉಳಿದಿತ್ತು. ಕಿವಿ ಮೋಸ ಮಾಡಬಹುದು, ದವಡೆಯ ಎಲುಬಿಗೆ ಮೋಸ ಗೊತ್ತಿಲ್ಲ ಎಂದು ಅವನ ವಾದ. ಆ ಕೋಲಿನ ತುದಿಯ ಮೇಲೆ ಮೂವತ್ತು ವರ್ಷಗಳ ಹಲ್ಲಿನ ಗುರುತುಗಳಿದ್ದವು.

ನಡೆಯುವಾಗ ಎಡಕ್ಕೆ ವಾಲುತ್ತಿದ್ದ. ಪಶ್ಚಿಮದ ಗಾಳಿಗೆ ಬಾಗಿದ ಮೈ ಅದು, ಗಾಳಿ ನಿಂತ ದಿನವೂ ನೆಟ್ಟಗಾಗುತ್ತಿರಲಿಲ್ಲ. ಬೇಸಿಗೆಯಿರಲಿ ಚಳಿಗಾಲವಿರಲಿ, ಅದೇ ನೀಲಿ ನಿಲುವಂಗಿ. ಎದೆಯ ಜೇಬಿನಲ್ಲಿ ಒಂದು ಗ್ರಂಥಾಲಯದ ಚೀಟಿ. ಅದರ ಅವಧಿ ಮುಗಿದು ಒಂಬತ್ತು ವರ್ಷವಾಗಿತ್ತು. ಅವನ ಬಾಯಿಂದ ಹೊರಡುವ ಪರಮ ಪ್ರಶಂಸೆಯೂ ಪರಮ ಶೋಕವೂ ಒಂದೇ ವಾಕ್ಯ: "ಅಷ್ಟೇನೂ ಕೆಟ್ಟಿಲ್ಲ." ನನ್ನ ಹೆಂಡತಿ ಮಾಡಿದ ಹೆರಿಂಗ್ ಮೀನಿನ ಉಪ್ಪಿನಕಾಯಿಗೂ ಅದೇ ಮಾತು, ಅವನ ಅಣ್ಣನ ಶವಸಂಸ್ಕಾರದ ಪ್ರವಚನಕ್ಕೂ ಅದೇ ಮಾತು. ಲಿಮ್‌ಫ್ಯೋರ್ಡ್ ಕೊಲ್ಲಿಯ ಈ ದಡದಲ್ಲಿ ನಾವೆಲ್ಲ ಹಾಗೆಯೇ, ಆದರೆ ಅವನು ನಮ್ಮನ್ನೂ ಮೀರಿಸಿದ್ದ.

ಅವನ ವಿದ್ಯೆ ಹಳೆಯ ಡೀಸೆಲ್ ಗಾಡಿಗಳದು. ಪಟ್ಟಣದ ದೊಡ್ಡ ಗ್ಯಾರೇಜಿನವರು ಕಂಪ್ಯೂಟರಿನ ತಂತಿ ಹಿಡಿದು, ಚುಚ್ಚಲು ತೂತೇ ಸಿಗದೆ ತಲೆ ಕೆರೆದುಕೊಂಡು ಕಳಿಸಿದ ಗಾಡಿಗಳು ಕಡೆಗೆ ಇವನ ಅಂಗಳಕ್ಕೇ ಬರುತ್ತಿದ್ದವು. ನನ್ನ ಹಳೆಯ ಕಾರು ಒಮ್ಮೆ ಮಿಸ್ಸಿಂಗ್ ಹೊಡೆಯತೊಡಗಿದಾಗ ಅವನು ಮಾಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎಂಜಿನ್ ಓಡುತ್ತಿದ್ದಂತೆಯೇ ಒಂದೊಂದು ಇಂಜೆಕ್ಟರಿನ ಕೊಳವೆಯ ನಟ್ಟನ್ನೂ ಸರದಿಯ ಮೇಲೆ ಅರೆ ಸುತ್ತು ಸಡಿಲಿಸಿದ. ಮೊದಲನೆಯದನ್ನು ಸಡಿಲಿಸಿದಾಗ ಎಂಜಿನ್ ಮುಗ್ಗರಿಸಿತು, ಎರಡನೆಯದಕ್ಕೂ ಮುಗ್ಗರಿಸಿತು. ಮೂರನೆಯದಕ್ಕೆ ಏನೂ ಆಗಲಿಲ್ಲ.

"ಇವನೇ ಕೂಲಿಗಳ್ಳ," ಎಂದ. "ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ."

ಅಷ್ಟಕ್ಕೆ ತೀರ್ಪು ಕೊಡುವವನಲ್ಲ. ಮೂರನೆಯದನ್ನು ಬಿಚ್ಚಿ ಒಂದನೆಯದರ ಜಾಗಕ್ಕೆ ಹಾಕಿ ನೋಡಿದ. ಕುಂಟು ಅದರ ಜೊತೆಗೇ ಹೋದರೆ ದೋಷ ಇಂಜೆಕ್ಟರಿನದು, ಅಲ್ಲೇ ಉಳಿದರೆ ಸಿಲಿಂಡರಿನದು. ಕುಂಟು ಜೊತೆಗೇ ಹೋಯಿತು. ಆಮೇಲೆ ಅದನ್ನು ಕೈಪಂಪಿಗೆ ಸಿಕ್ಕಿಸಿ ಒತ್ತಿದ. ಮಂಜಿನಂತೆ ಚಿಮ್ಮಬೇಕಾದ ಡೀಸೆಲ್ ಹನಿಹನಿಯಾಗಿ ಸೋರಿತು. ನಾನು ನೋಡೋಣವೆಂದು ಬೆರಳು ಚಾಚಿದೆ.

"ಕೈ ತೆಗಿಯೋ ಮೇಷ್ಟ್ರೇ! ಈ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ಹೊಕ್ಕರೆ ಬೆರಳೇ ಕತ್ತರಿಸಬೇಕಾಗುತ್ತೆ. ಆಮೇಲೆ ಮಕ್ಕಳಿಗೆ ಏನು ತೋರಿಸಿ ಹೆದರಿಸ್ತೀಯ?"

ಇಂಥ ಎಸ್ಕಿಲ್ಡ್ ದೋಷವಿದೆಯೆಂದು ಗೊತ್ತಿದ್ದೂ ಹನ್ನೊಂದು ವರ್ಷ ಮುಟ್ಟದೆ ಬಿಟ್ಟ ಇಂಜೆಕ್ಟರ್ ಒಂದಿತ್ತು. ಅದು ಪುಸ್ತಕದ ಬಸ್ಸಿನ ನಾಲ್ಕನೆಯ ಸಿಲಿಂಡರಿನದು.

ಪ್ರತಿ ಬುಧವಾರ ನಮ್ಮೂರಿಗೆ ಆ ಸಂಚಾರಿ ಗ್ರಂಥಾಲಯದ ಬಸ್ಸನ್ನು ತರುತ್ತಿದ್ದವಳು ಇಂಗೆಲಿಸ. ಚಾಲಕಿಯೂ ಅವಳೇ, ಗ್ರಂಥಪಾಲಕಿಯೂ ಅವಳೇ; ಕೋಪನ್‌ಹೇಗನ್ನಿನ ಕಡೆಯವಳು, ಬಾಯಿ ತುಂಬ ಮಾತು. ಬಸ್ಸು ಇಗರ್ಜಿಯ ಗುಡ್ಡ ಹತ್ತುವಾಗಲೇ ಅದರ ಕುಂಟು ಸದ್ದು ಎಸ್ಕಿಲ್ಡನಿಗೆ ಕೇಳಿಸುತ್ತಿತ್ತು; ಆರು ಸಿಲಿಂಡರಿನ ಎಂಜಿನ್ ಐದು ಹೆಜ್ಜೆ ಸರಿಯಾಗಿಟ್ಟು ಇನ್ನೊಂದಕ್ಕೆ ತಡವರಿಸುವ ಸದ್ದು. ಕೇಳಿದ ಕೂಡಲೇ ಕೈಯಲ್ಲಿದ್ದ ಪಾನಾ ಕೆಳಗಿಟ್ಟು, ಸಾಬೂನು ಹಚ್ಚಿ ಮೊಣಕೈತನಕ ತೊಳೆದು, ಕಾಫಿಗೆ ನೀರಿಡುತ್ತಿದ್ದ. ಬಸ್ಸು ಅಂಗಳಕ್ಕೆ ಬರುವುದಕ್ಕೂ ಕಾಫಿ ಆಗುವುದಕ್ಕೂ ಸರಿಹೋಗುತ್ತಿತ್ತು. ಜನ್ಮದಲ್ಲಿ ಪುಸ್ತಕ ಓದದವನು ವಾರಕ್ಕೊಂದು ಪುಸ್ತಕ ತೆಗೆದುಕೊಳ್ಳುತ್ತಿದ್ದ. ಅವಳೇನು ದಡ್ಡಿಯೇ?

"ಹತ್ತನೇ ಪುಟದಲ್ಲಿ ನಾನಿಟ್ಟ ಒಣಗಿದ ಹೂವು ಹಾಗೇ ಇದೆಯಲ್ಲ, ಎಸ್ಕಿಲ್ಡ್. ಕಥೆ ಹೇಗಿತ್ತು?"

"ಅಷ್ಟೇನೂ ಕೆಟ್ಟಿಲ್ಲ," ಎಂದು ಇವನು ಕಿವಿಯ ತುದಿಯವರೆಗೂ ಕೆಂಪಾಗಿದ್ದನ್ನು ನಾನೇ ಕಂಡಿದ್ದೇನೆ.

ಒಂದು ದಿನ ಅವನು ಧೈರ್ಯ ಮಾಡಿ, "ನಾಲ್ಕನೇದು ಸೋರ್ತಾ ಇದೆ. ಗಂಟೆಯೊಳಗೆ ಸರಿ ಮಾಡಿಕೊಡ್ತೀನಿ," ಎಂದ. ಇಂಜೆಕ್ಟರಿನ ಮೂತಿಗೆ ಹಾಕುವ ಹೊಸ ನಾಝಲ್ಲನ್ನು ಆಗಲೇ ತರಿಸಿಟ್ಟಿದ್ದ.

"ಬೇಡಪ್ಪಾ," ಎಂದು ಅವಳು ನಕ್ಕಳು. "ಸರಿ ಮಾಡಿಬಿಟ್ರೆ, ನಾನು ಬರ್ತಿದ್ದೀನಿ ಅಂತ ನಿಮಗೆ ಹೇಗೆ ಗೊತ್ತಾಗಬೇಕು?"

ಅಷ್ಟು ಸ್ಪಷ್ಟವಾಗಿ ಯಾವ ಹೆಂಗಸು ಹೇಳಿಯಾಳು? ಇವನು ತಲೆಯಾಡಿಸಿ, ನಾಝಲ್ಲನ್ನು ಎಣ್ಣೆಕಾಗದದಲ್ಲಿ ಸುತ್ತಿ ಎರಡನೆಯ ಡ್ರಾಯರಿನ ತಗಡಿನ ಡಬ್ಬಿಗೆ ಹಾಕಿದ.

ನಮ್ಮ ಸೀಮೆಯಲ್ಲೊಂದು ಮರ್ಯಾದೆಯಿದೆ. ಯಾರಾದರೂ ಕಾಫಿ ಕುಡಿಯುತ್ತೀರಾ ಎಂದರೆ ಮೊದಲ ಸಲ ಬೇಡವೆನ್ನಬೇಕು, ಎರಡನೆಯ ಸಲವೂ ಬೇಡವೆನ್ನಬೇಕು. ಮೂರನೆಯ ಸಲ ಕೇಳಿದರೆ ಮಾತ್ರ ಅವರು ಮನಸಾರೆ ಕರೆಯುತ್ತಿದ್ದಾರೆಂದು ತಿಳಿದು, ಅರ್ಧ ಲೋಟ ಸಾಕು ಎನ್ನಬೇಕು. ಹಾಲು ಕುಡಿಯುವ ವಯಸ್ಸಿನಲ್ಲೇ ನಮಗೆ ಇದು ಮೈಗೂಡಿರುತ್ತದೆ.

ಇಂಗೆಲಿಸ ನಿವೃತ್ತಳಾಗಿ, ಅವಳೊಂದಿಗೆ ಪುಸ್ತಕದ ಬಸ್ಸೂ ನಿಂತ ಬುಧವಾರ ನಾನೂ ಆ ಅಂಗಳದಲ್ಲಿದ್ದೆ, ಕಡೆಯ ಪುಸ್ತಕ ಹಿಂದಿರುಗಿಸಲು ಹೋಗಿದ್ದೆ. ಅವಳು ನಾರ್ವೆಗೆ, ತಂಗಿಯ ಊರಿಗೆ ಹೊರಟಿದ್ದಳು. ಕಾಫಿಲೋಟ ಕೆಳಗಿಟ್ಟು, ನನ್ನ ಕಡೆ ನೋಡದೆ, ಅವನಿಗೆ ಕೇಳಲೆಂದು ಗಟ್ಟಿಯಾಗಿ ಹೇಳಿದಳು: "ತಂಗಿ ಮನೆ ಕೆಳಗೆ ದೋಣಿಮನೆಯೊಂದು ಖಾಲಿ ಇದೆ. ಅಲ್ಲೂ ಎಂಜಿನ್ನುಗಳು ಕೆಡ್ತವೆ, ಎಸ್ಕಿಲ್ಡ್. ನೀವೂ ಬನ್ನಿ."

"ಅಯ್ಯೋ, ನಿಮಗ್ಯಾಕೆ ತೊಂದರೆ," ಎಂದ ಇವನು.

"ತೊಂದರೆ ಅಲ್ಲ. ನಿಜವಾಗ್ಲೂ ಕರೀತಿದ್ದೀನಿ. ಬನ್ನಿ."

"ಬೇಡ ಬಿಡಿ. ಇಲ್ಲೂ ಅಷ್ಟೇನೂ ಕೆಟ್ಟಿಲ್ಲ."

ಹೇಳಿ, ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ ನಿಂತ. ನನಗೆ ಗೊತ್ತಿತ್ತು, ಅವನು ಕಾಯುತ್ತಿದ್ದಾನೆ. ಅವಳಿಗೆ ಗೊತ್ತಿರಲಿಲ್ಲ. ಅವಳು ಅವನನ್ನು ಒಂದು ಗಳಿಗೆ ನೋಡಿ, ಅವನ ನಿಲುವಂಗಿಯ ಕೊರಳಪಟ್ಟಿ ಸರಿಮಾಡಿ, ಬಸ್ಸು ಹತ್ತಿದಳು. ನಾನಾದರೂ ಬಾಯಿ ಬಿಡಬಹುದಿತ್ತು; ಪರರ ವಿಷಯದಲ್ಲಿ ಮೂಗು ತೂರಿಸಬಾರದೆಂಬ ನಮ್ಮ ಇನ್ನೊಂದು ಹಾಳು ಮರ್ಯಾದೆ ನನ್ನ ಬಾಯಿ ಕಟ್ಟಿತ್ತು.

ಗುಡ್ಡದಾಚೆ ಸದ್ದು ಅಡಗಿದ ಮೇಲೆ ಅವನು ಕೇಳಿದ: "ಮೂರನೇ ಸಲ ಕೇಳಲೇ ಇಲ್ಲವಲ್ಲೋ?"

"ಆ ಕಡೆಯವರು ಒಂದೇ ಸಲ ಕೇಳೋದು ಕಣೋ," ಎಂದುಬಿಟ್ಟೆ. "ನಿನಗೆ ಎರಡು ಸಲ ಕೇಳಿದಳು."

ಆ ಮಾತನ್ನು ಹೇಳಬಾರದಿತ್ತು. ಅವನು ಒಳಗೆ ಹೋಗಿ ಅವಳ ಲೋಟ ತೊಳೆದ. ವಿಳಾಸವಿತ್ತು, ಅಂಚೆಯಿತ್ತು, ಹಡಗಿತ್ತು. ಹೋಗೆಂದು ನೂರು ಸಲ ಹೇಳಿದೆ. ಕರೆಯದೆ ಹೇಗೆ ಹೋಗುವುದು ಎಂದ, ಪ್ರತಿ ಸಲವೂ.

ಒಂಬತ್ತು ವರ್ಷದ ಮೇಲೆ, ಈ ವಸಂತದಲ್ಲಿ, ಅದೇ ಬಸ್ಸು ಮರಳಿ ಬಂತು. ಊರಾಡಳಿತದ ಶೆಡ್ಡಿನಲ್ಲಿ ಕೊಳೆಯುತ್ತಿದ್ದುದನ್ನು ಥೀರಾ ಎಂಬ ಗಟ್ಟಿಗಿತ್ತಿ ಕೊಂಡು, ಪುಸ್ತಕದ ಕಪಾಟು ಕಿತ್ತು, ಒಲೆ ಹೂಡಿ, ಕಡಲತೀರದಲ್ಲಿ ಹೊಗೆಯಲ್ಲಿ ಹದಮಾಡಿದ ಮೀನು ಮಾರಲು ಸಜ್ಜಾಗಿದ್ದಳು. ತಪಾಸಣೆಯವರು ಬಿಳಿಹೊಗೆ ನೋಡಿ ಗಾಡಿಯನ್ನು ತಿರಸ್ಕರಿಸಿದ್ದರು. ತಿಂಗಳೊಳಗೆ ಸರಿಹೋಗದಿದ್ದರೆ ನಂಬರು ಫಲಕ ಬಿಚ್ಚಿಕೊಳ್ಳುವವರಿದ್ದರು. ಅಂದು ಬುಧವಾರ, ನಾನು ಎಸ್ಕಿಲ್ಡನ ಅಂಗಳದಲ್ಲೇ ಕುಳಿತಿದ್ದೆ. ಗುಡ್ಡದ ಮೇಲೆ ಆ ಕುಂಟು ಸದ್ದು ಎದ್ದಿತು. ಎಪ್ಪತ್ಮೂರರ ಮುದುಕ ಪಾನಾ ಕೆಳಗಿಟ್ಟ, ಕೈ ತೊಳೆದ, ಕಾಫಿಗೆ ನೀರಿಟ್ಟ. ಬಸ್ಸಿನಿಂದ ಬೇರೆ ಹೆಂಗಸು ಇಳಿದಾಗ ಅವನ ಮುಖ ನೋಡಲಾರದೆ ನಾನು ನೆಲ ನೋಡಿದೆ.

ಕೋಲು ಕಚ್ಚಿ ಕೇಳಿ, "ಎಂಜಿನ್ ಇನ್ನೂ ಬಿಸಿಯಾಗಿಲ್ಲಮ್ಮಾ. ಮುಂದಿನ ವಾರ ಬಾ," ಎಂದ. ಮುಂದಿನ ವಾರ ಬಂದಾಗ, ಸಾಮಾನು ತರಿಸಬೇಕು ಎಂದ. ಸಾಮಾನು ಎರಡನೆಯ ಡ್ರಾಯರಿನಲ್ಲಿತ್ತು. ಎರಡೂ ಬುಧವಾರ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದ. ನನಗೆ ಸಿಟ್ಟೂ ಬಂತು, ಮರುಕವೂ ಬಂತು.

ಮೂರನೆಯ ಸಲ ಥೀರಾ ಇಳಿದವಳೇ ಸೊಂಟದ ಮೇಲೆ ಕೈಯಿಟ್ಟಳು. "ಯಜಮಾನ್ರೇ, ನಾಡಿದ್ದು ತಪಾಸಣೆ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ, ಗುಜರಿಗೆ ಹಾಕ್ತೀನಿ. ಈ ಬಸ್ಸು ಬಿಟ್ರೆ ನನಗೆ ಬೇರೆ ದಾರಿ ಇಲ್ಲ. ಮೂರು ಸಲ ಬಂದು ಕೇಳ್ತಿದ್ದೀನಿ!"

ಎಸ್ಕಿಲ್ಡ್ ಅವಳನ್ನೇ ನೋಡಿದ. "ಹೌದು, ಮೂರು ಸಲ ಕೇಳಿದೆ," ಎಂದ, ಮೆಲ್ಲಗೆ.

ಡ್ರಾಯರು ಎಳೆದ. ಎಣ್ಣೆಕಾಗದ ಬಿಚ್ಚಿದ. ನಾಲ್ಕನೆಯದನ್ನು ಕಳಚಿ, ಹೊಸ ನಾಝಲ್ ಹಾಕಿ, ಕೈಪಂಪಿನ ಮೇಲೆ ಒತ್ತಿ ನೋಡಿದ. ಡೀಸೆಲ್ ಮಂಜಾಗಿ ಚಿಮ್ಮಿತು. ಹೊಸ ತಾಮ್ರದ ವಾಷರ್ ಇಟ್ಟು ಬಿಗಿದ. ಎಂಜಿನ್ ಚಾಲೂ ಮಾಡಿಸಿ, ಕೋಲು ಕಚ್ಚಿ ಒಂದರಿಂದ ಆರರವರೆಗೆ ಕೇಳುತ್ತಾ ಹೋದ. ನಾಲ್ಕರ ಹತ್ತಿರ ಮಾತ್ರ ಬಹಳ ಹೊತ್ತು ನಿಂತ. ಆರೂ ಒಂದೇ ಸಮನಾಗಿದ್ದವು. ಹೊಗೆ ತಿಳಿಯಾಗಿ, ಆಮೇಲೆ ಇಲ್ಲವಾಯಿತು.

"ಅಯ್ಯಯ್ಯೋ, ಬೆಣ್ಣೆ ಬೆಣ್ಣೆ!" ಎಂದು ಥೀರಾ ಕುಣಿದಳು. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, "ಕಾಫಿ ಕುಡೀತೀರಾ?" ಎಂದಳು.

"ಕುಡೀತೀನಿ," ಎಂದ ಎಸ್ಕಿಲ್ಡ್.

ಎರಡನೆಯ ಸಲ ಕೇಳಲು ಆಗಲೇ ಬಾಯಿ ತೆರೆದಿದ್ದ ಥೀರಾ ಹಾಗೇ ನಿಂತಳು. ಅವಳು ನಮ್ಮ ಸೀಮೆಯವಳು. ಎಪ್ಪತ್ಮೂರು ವರ್ಷದಲ್ಲಿ ಅವನು ಮೊದಲ ಕರೆಗೆ ಹೂಂ ಎಂದದ್ದನ್ನು ನಾನೂ ಕೇಳಿರಲಿಲ್ಲ. ಅವನು ಲೋಟ ತುಂಬ ಹಾಕಿಸಿಕೊಂಡು ಗುಡ್ಡ ನೋಡುತ್ತಾ ಕುಡಿದ. ಬಸ್ಸು ಹೊರಟುಹೋಯಿತು, ಗುಡ್ಡ ಹತ್ತುವಾಗ ಅದರ ಸದ್ದು ಯಾವುದೋ ಒಂದು ಬಸ್ಸಿನದಾಗಿತ್ತು. ಹಳೆಯ ನಾಝಲ್ಲನ್ನು ಒರೆಸಿ, ಆ ಗ್ರಂಥಾಲಯದ ಚೀಟಿಯ ಜೊತೆ ಎದೆಯ ಜೇಬಿಗೆ ಹಾಕಿಕೊಂಡ. ಈಗ ಬುಧವಾರ ಥೀರಾ ಬಂದರೆ ಅವನಿಗೆ ತಿಳಿಯುವುದಿಲ್ಲ. ಅವಳೇ ಬಂದು ಬಾಗಿಲು ಬಡಿಯಬೇಕು.

ಇಂಥವರು ನಮ್ಮ ನಡುವೆ ಇನ್ನೂ ಕೆಲವರಿದ್ದಾರೆ, ಒಬ್ಬೊಬ್ಬರಾಗಿ ಕರಗುತ್ತಿದ್ದಾರೆ. ಕಬ್ಬಿಣದೊಳಗಿನ ಒಂದು ಹನಿಯ ತಪ್ಪನ್ನು ಗುಡ್ಡದಾಚೆಯಿಂದ ಗುರುತಿಸಬಲ್ಲ ಈ ಸೂಕ್ಷ್ಮಗ್ರಾಹಿಗಳು, ಮೂರಡಿ ದೂರದಲ್ಲಿ ನಿಂತು ಬಾಯಿಬಿಟ್ಟು ಕರೆದವರ ದನಿಯನ್ನು ಮಾತ್ರ ನಂಬುವುದಿಲ್ಲ. ಇನ್ನೊಮ್ಮೆ ಕರೆಯಲಿ ಎಂದು ಟೋಪಿ ಹಿಂಡುತ್ತಾ ನಿಲ್ಲುತ್ತಾರೆ. ಪರರ ಗಾಡಿಗಳನ್ನೆಲ್ಲ ಸರಿಮಾಡಿ ಕಳಿಸಿ, ತಮ್ಮ ಪಾಲಿಗೆ ಒಂದು ಕುಂಟನ್ನು ಉಳಿಸಿಕೊಳ್ಳುತ್ತಾರೆ. ಕಡೆಗೊಂದು ದಿನ ಯಾರದೋ ಅನ್ನಕ್ಕಾಗಿ ಅದನ್ನೂ ತಮ್ಮ ಕೈಯಾರೆ ಸರಿಮಾಡಿ ಕಳಿಸಿಬಿಡುತ್ತಾರೆ.