ಹನ್ನೊಂದು ಬತ್ತಿದ ಬೋರ್‌ವೆಲ್‌ಗಳು

ನಗರಸಭೆಯ ಲೆಕ್ಕಪತ್ರ ವಿಭಾಗದಲ್ಲಿ ಏಳು ಹುದ್ದೆಗಳಿದ್ದರೂ ಕೆಲಸಕ್ಕಿದ್ದವರು ಮೂವರೇ. ವಿಭಾಗದ ಮುಖ್ಯಸ್ಥೆ ಶಶಿರೇಖ ದಿನವೂ ಬಂಗಾರಪೇಟೆಯಿಂದ ರೈಲಿನಲ್ಲಿ ಕೆಜಿಎಫ್‌ಗೆ ಬರುತ್ತಿದ್ದರು. ಪೌರಕಾರ್ಮಿಕರ ಸಂಬಳ ಒಂದು ದಿನವೂ ತಡವಾಗಬಾರದೆಂಬುದು ಅವರ ಹಟ. ನಾಲ್ಕು ವರ್ಷದಲ್ಲಿ ಒಮ್ಮೆಯೂ ತಡವಾಗಿರಲಿಲ್ಲ.

ಆ ಫೆಬ್ರವರಿಯಲ್ಲಿ ಬಜೆಟ್ ಸಿದ್ಧವಾಗುತ್ತಿದ್ದಾಗ ಸದಸ್ಯ ಕೋದಂಡಪ್ಪ ಬಂದು ಎದುರಿಗೆ ಕುಳಿತರು. ಊರಿಗಾಂನ ಲೈನುಗಳಿಗೆ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳಿಗೆ, ಕುಡಿಯುವ ನೀರಿನ ಪೈಪು ಹಾಕಲು ನಗರಸಭೆ ಹನ್ನೆರಡು ಲಕ್ಷ ಎತ್ತಿಟ್ಟಿತ್ತು. ಈಗ ಅಂದಾಜು ಹದಿನಾಲ್ಕೂವರೆ ಲಕ್ಷಕ್ಕೆ ಏರಿತ್ತು.

“ಎಂಗೂ ಸಾಲಲ್ವಲ್ಲಮ್ಮ. ಆ ದುಡ್ನ ಬಸ್‌ಸ್ಟ್ಯಾಂಡ್ ತಾವ ಸ್ವಾಗತ ಕಮಾನಿಗೆ ಆಕ್ಬಿಡಿ. ನಾಲ್ಕು ಜನಕ್ಕೆ ಕಾಣ್ತೈತೆ.”

“ನೀರಿನ ದುಡ್ಡು ಕಮಾನಿಗೆ ಬರಲ್ಲ ಸಾರ್. ನಾನು ಸಹಿ ಹಾಕಲ್ಲ.”

“ಅಂಗಾರೆ ಮಿಕ್ಕಿದ್ದು ಎಲ್ಲಿಂದ ತತ್ತೀರೋ ನೋಡಾನ,” ಎಂದು ಕೋದಂಡಪ್ಪ ಎದ್ದು ಹೋದರು.

ಇಲ್ಲ ಎಂದಷ್ಟಕ್ಕೆ ಕೆಲಸ ಮುಗಿಯಲಿಲ್ಲವೆಂದು ಶಶಿರೇಖಗೆ ಗೊತ್ತಿತ್ತು. ಪ್ರತಿ ತಿಂಗಳು ಕಣ್ಣುಮುಚ್ಚಿ ಕಟ್ಟುವ ಕರೆಂಟ್ ಬಿಲ್ಲುಗಳನ್ನೆಲ್ಲ ವಿಭಾಗದ ಗುಮಾಸ್ತೆಯಿಂದ ತೆಗೆಸಿ, ಬೋರ್‌ವೆಲ್‌ಗಳ ಪಟ್ಟಿ ಮಾಡಿಸಿದರು. ಕೆಜಿಎಫ್‌ನ ಮೈಸೂರು ಮೈನ್ಸ್ ಬಡಾವಣೆಯಲ್ಲೇ ಹುಟ್ಟಿ ಬೆಳೆದ ಇನ್ನೊಬ್ಬ ಗುಮಾಸ್ತ ಮುನೀಂದ್ರನಿಗೆ ಊರಿನ ಓಣಿಗಳೆಲ್ಲ ಬಾಯಿಪಾಠ. ಪಟ್ಟಿ ಹಿಡಿದು ಸ್ಕೂಟರಿನಲ್ಲಿ ಮೂರು ದಿನ ಸುತ್ತಿ ಬಂದ.

“ಮೇಡಂ, ಅನ್ನೊಂದು ಬೋರ್‌ವೆಲ್ ಬತ್ತೋಗಿ ವರ್ಷಗಳಾಗೈತೆ. ಒಂದ್ರಲ್ಲೂ ಮೋಟ್ರಿಲ್ಲ. ತಿಂಗ್ಳ ಮಿನಿಮಮ್ ಬಿಲ್ ಮಾತ್ರ ನಾವು ಕಟ್ಕೊಂಡೇ ಬತ್ತಿದೀವಿ!”

ಕೂಡಿ ನೋಡಿದರೆ ವರ್ಷಕ್ಕೆ ಎರಡು ಲಕ್ಷ ಅರವತ್ತು ಸಾವಿರ.

ಬಜೆಟ್ ಸಭೆಯಲ್ಲಿ ಶಶಿರೇಖ ಎದ್ದು ನಿಂತರು. ಒಂದೊಂದೇ ಬೋರ್‌ವೆಲ್ಲಿನ ಜಾಗ ಓದಿ, ಮುನೀಂದ್ರ ತೆಗೆದಿದ್ದ ಫೋಟೊ ತೋರಿಸುತ್ತಾ ಹೋದರು. ಈ ಸಂಪರ್ಕಗಳನ್ನು ಕಡಿಸಿದರೆ ಪೈಪಿನ ಹಣ ಪೂರ್ತಿಯಾಗುತ್ತದೆ ಎಂದು ಮುಗಿಸಿದರು. ಕೋದಂಡಪ್ಪ ಫೋಟೊಗಳನ್ನು ತಿರುವಿ ಹಾಕಿದರು.

“ಇದ್ರಾಗೆ ಎರಡು ನನ್ ವಾರ್ಡಿಂದೇ,” ಎಂದು ಮೆಲ್ಲಗೆ ಹೇಳಿ, ಪೈಪಿನ ಪರವಾಗಿ ಎಲ್ಲರಿಗಿಂತ ಮೊದಲು ಕೈ ಎತ್ತಿದರು.

ಜುಲೈನಲ್ಲಿ ನೀರು ಬಿಟ್ಟ ದಿನ ಶಶಿರೇಖ, ಮುನೀಂದ್ರ ಇಬ್ಬರೂ ಊರಿಗಾಂಗೆ ಹೋದರು. ನಲ್ಲಿಯ ಬಳಿ ಅಮ್ಮಾಜಮ್ಮ ಎಂಬ ಮುದುಕಿ ಬಿಂದಿಗೆ ತುಂಬಿಸುತ್ತಿದ್ದಳು.

“ನೀವು ನೀರಿನ ಆಫೀಸೋರಾಮ್ಮ?”

“ಇಲ್ಲಮ್ಮ, ಲೆಕ್ಕದೋರು.”

“ಲೆಕ್ಕದೋರ್ಗೆ ಇಲ್ಲೇನ್ ಕೆಲ್ಸ?”

ಮುನೀಂದ್ರ ಸುಮ್ಮನಿರಲಾರದೆ, “ಈ ನೀರು ತಂದಿದ್ದೇ ನಮ್ ಮೇಡಂ, ಅಜ್ಜಿ!” ಎಂದ.

“ನಮ್ಮ ವಿಭಾಗದ ಮೂರೂ ಜನ,” ಎಂದು ಶಶಿರೇಖ ತಿದ್ದಿದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಂಬಿದ ಬಿಂದಿಗೆಗೆ ಕೈ ಕೊಟ್ಟು ಮುದುಕಿಯ ಸೊಂಟಕ್ಕೇರಿಸಿದರು.