ನೋಡದೆ ಬರೆದ ಅಂಕಿ

ಮೈಕು ಗುಂಯ್ ಅನ್ನುತ್ತಿದೆ, ಮುಂದಿನ ಬೆಂಚಿನ ಹುಡುಗಿ ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಾಳೆ, ಬೇಡಮ್ಮ, ಅಷ್ಟೆಲ್ಲ ನಂಬಬೇಡ — ಮೂವತ್ನಾಲ್ಕು ವರ್ಷ ಕುಡಿಯುವ ನೀರು ಪರೀಕ್ಷೆ ಮಾಡಿದವರು, ಪುಸ್ತಕದಲ್ಲಿ ಸಿಗದ್ದನ್ನ ಹೇಳ್ತಾರೆ ಕೇಳಿ, ಅಂತ ಈ ಮಕ್ಕಳ ಮೇಷ್ಟ್ರು ಪರಿಚಯ ಮಾಡಿಕೊಟ್ಟರು, ನಾನೂ ಗತ್ತಿನಿಂದ ಹೇಳಿಬಿಟ್ಟೆ, ಕಣ್ಣಾರೆ ನೋಡದೆ ಒಂದು ಅಂಕಿಯನ್ನೂ ಬರೀಬೇಡಿ, ನಮ್ಮಲ್ಲಿ ಒಬ್ಬ ಸಹಾಯಕ ಹಳೇ ಸ್ಯಾಂಪಲ್ ತಂದುಕೊಟ್ಟ, ಆ ನೀರು ಕುಡಿದು ಒಂದು ಬೀದಿಗೆ ಬೀದಿಯೇ ಹಾಸಿಗೆ ಹಿಡೀತು, ಒಂದು ಮಗು ಉಳೀಲಿಲ್ಲ. ಒಬ್ಬ ಸಹಾಯಕ. ಎಷ್ಟು ಸಲೀಸಾಗಿ ಬಂತು ನಾಲಿಗೆಗೆ, ಹೇಳಿ ಹೇಳಿ ನುಣುಪಾದ ಸುಳ್ಳು, ಆ ಸಹಾಯಕರಿಗೆ ಬಾಟ್ಲಣ್ಣ ಅಂತಿದ್ವಿ, ಸ್ಯಾಂಪಲ್ ಬಾಟಲಿ ತೊಳೆದು ಬೆಳಕಿಗೆ ಹಿಡಿದು ನೋಡಿ ಮತ್ತೆ ತೊಳೆಯುವ ಮನುಷ್ಯ, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಅವತ್ತು ನನ್ನ ಮಗನಿಗೆ ಜ್ವರ, ಅಮ್ಮ ಫೋನ್ ಮಾಡಿ ಬೇಗ ಬಾರೇ ಅಂದಳು, ಮೇಡಂ, ಕೊನೇ ಟ್ಯಾಂಕಿನ ಕ್ಲೋರಿನ್ ನೋಡಿಲ್ಲ ಇನ್ನೂ ಅಂದರು ಬಾಟ್ಲಣ್ಣ, ನಾಳೆ ನೋಡೋಣ ಬಿಡಣ್ಣ ಅಂತ ಹಿಂದಿನ ದಿನದ ಅಂಕಿಯನ್ನೇ ರಿಜಿಸ್ಟರಿಗೆ ಇಳಿಸಿ ಸಹಿ ಗೀಚಿ ಓಡಿದೆ, ನನ್ನ ಮಗನ ಜ್ವರ ಎರಡೇ ದಿನಕ್ಕೆ ಬಿಟ್ಟಿತು. ವಿಚಾರಣೆಯಲ್ಲಿ, ಸಹಾಯಕರು ತಂದ ಸ್ಯಾಂಪಲ್ಲೇ ಹಳೇದಿರಬೇಕು ಸಾರ್ ಅಂದೆ, ಇರಬೇಕು ಅಂದೆ, ಹೌದು ಅನ್ನಲಿಲ್ಲ, ಆ ಒಂದು ಇರಬೇಕು ಹಿಂದೆ ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದೇನೆ, ಅವರ ಕೆಲಸ ಹೋಯಿತು, ನನಗೆ ಬಡ್ತಿ ಬಂತು, ಮೂರು ವರ್ಷಕ್ಕೆ ತೀರಿಕೊಂಡರಂತೆ, ಮುಖ ನೋಡೋಕೂ ಹೋಗಲಿಲ್ಲ ನಾನು.

ಮೇಡಂ, ಆ ಸಹಾಯಕರು ಆಮೇಲೆ ಏನಾದರು — ಅದೇ ಹುಡುಗಿ, ಪೆನ್ನು ಹಿಡಿದೇ ಕಾಯುತ್ತಿದ್ದಾಳೆ, ಗೊತ್ತಿಲ್ಲಮ್ಮ ಅಂದರೆ ಮುಗೀತು, ಚಪ್ಪಾಳೆ, ಶಾಲು, ಕಾಫಿ, ಮನೆ — ಅವರ ತಪ್ಪೇನೂ ಇಲ್ಲಮ್ಮ, ಅಂಕಿ ಬರೆದವಳು ನಾನು, ನೋಡದೆ ಬರೆದವಳೂ ನಾನೇ, ಅವರ ಮೇಲೆ ಹಾಕಿದವಳೂ ನಾನೇ. ಅಂದೆನಾ, ಅಂದುಬಿಟ್ಟೆ, ಮೇಷ್ಟ್ರು ಗಡಿಯಾರ ನೋಡುತ್ತಿದ್ದಾರೆ, ಹುಡುಗಿಯ ಪೆನ್ನು ನಿಂತಿದೆ, ಬರಿಯಮ್ಮ, ಇದನ್ನು ಬರಿ, ಆ ವಿಚಾರಣೆ ಮುಗಿಸಿ ಹೊರಗೆ ಬಂದು ಬೆಂಚಿನ ಮೇಲೆ ಕೂತಿದ್ದೆ, ಒಳಗೆ ನಾನೇನು ಹೇಳಿ ಬಂದೆ ಅಂತ ಬಾಟ್ಲಣ್ಣನಿಗಿನ್ನೂ ಗೊತ್ತಿರಲಿಲ್ಲ, ಪಕ್ಕದಿಂದ ಒಂದು ಲೋಟ ಬಂತು, ಕುಡೀರಿ ಮೇಡಂ, ನಾನೇ ನೋಡಿದ್ದೀನಿ, ನೀರು ಚೆನ್ನಾಗಿದೆ, ಕುಡಿದೆ, ಪೂರ್ತಿ ಕುಡಿದೆ, ಖಾಲಿ ಲೋಟ ಇಸಕೊಳ್ಳೋಕೆ ಆ ಕೈ ಮತ್ತೆ ಮುಂದೆ ಬಂತು, ಇನ್ನೊಂದು ಲೋಟ ತರಲಾ ಮೇಡಂ, ಆ ಕೈ, ಆ ಲೋಟ, ಆ ಕೈ —